ಕೈಯಲ್ಲೊಂದು ಹಾಳೆ ಇದ್ದರೆ

ನಮ್ಮ ಊರುಗಳಲ್ಲಿ ಸುಮ್ಮನೆ ನಿಂತು ನೋಡುವವನಿಗೆ ಜಾಗವಿಲ್ಲ. ಗದಗಿನ ಯಾವುದಾದರೂ ಹಳೆಯ ಓಣಿಗೆ ಹೋಗಿ, ಒಂದು ಮಾಳಿಗೆ ಮನೆಯ ಮುಂದೆ ಐದು ನಿಮಿಷ ನಿಂತು ಅದರ ಬಾಗಿಲು, ಕಿಟಕಿ, ಕಟ್ಟೆಗಳನ್ನು ಕಣ್ತುಂಬ ನೋಡಿ. ಎದುರು ಮನೆಯ ಕಟ್ಟೆಯ ಮೇಲಿನ ಮಾತು ನಿಲ್ಲುತ್ತದೆ. ಒಳಗಿನಿಂದ ಒಬ್ಬರು ಹೊಸ್ತಿಲಿಗೆ ಬಂದು "ಯಾರು ಬೇಕಾಗಿತ್ರಿ?" ಎನ್ನುತ್ತಾರೆ. ಮೊಬೈಲ್ ತೆಗೆದು ಫೋಟೊ ಹೊಡೆದಿರೋ, ಆ ದನಿ ಇನ್ನಷ್ಟು ಬಿಗಿಯಾಗುತ್ತದೆ. ರಸ್ತೆ ಅಗಲೀಕರಣ, ಮನೆಪಟ್ಟಿ, ದಾಯಾದಿಗಳ ಆಸ್ತಿ ತಕರಾರು ಎಲ್ಲವೂ ಅವರಿಗೆ ಆ ಒಂದು ಕ್ಲಿಕ್ಕಿನಲ್ಲಿ ಕೇಳಿಸುತ್ತವೆ. ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಮನೆಯ ಮುಂದೆ ನಿಂತು ಬರೆದುಕೊಂಡು ಹೋದವರು ಒಳ್ಳೆಯ ಸುದ್ದಿ ತಂದದ್ದು ಕಡಿಮೆ.

ಅದೇ ಓಣಿಯಲ್ಲಿ ಒಂದು ಸ್ಕೆಚ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ಹಿಡಿದು ಕಟ್ಟೆಯ ತುದಿಗೆ ಕೂತರೆ ಕಥೆ ಬೇರೆ. ಮೊದಲ ಪ್ರಶ್ನೆ "ಸರ್ವೇದವರೇನ್ರಿ?" ಎಂದೇ ಇರುತ್ತದೆ, ಅದು ತಪ್ಪಿದ್ದಲ್ಲ. ಆದರೆ ಕೇಳಿದವರು ಬೆನ್ನ ಹಿಂದೆ ಬಂದು ಹಾಳೆಯತ್ತ ಬಗ್ಗಿದ ಕೂಡಲೇ ಅನುಮಾನ ಕರಗುತ್ತದೆ. "ಏ, ಚಿತ್ರಾ ತಗೀಲಿಕ್ಕತ್ತಾರ" ಎಂಬ ಸುದ್ದಿ ಓಣಿಯ ಆ ತುದಿಗೆ ಮುಟ್ಟುತ್ತದೆ. ಆಮೇಲೆ ನೀವು ಒಂದು ತಾಸು ಆ ಮನೆಯನ್ನು ದಿಟ್ಟಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಬದಲಿಗೆ ತಾವೂ ನಿಂತು ನೋಡತೊಡಗುತ್ತಾರೆ. "ಆ ಬೆಳಕಿಂಡಿ ಬಿಟ್ಟೀರಲ್ಲ", "ಬಾಗಲಾ ಇಷ್ಟ ಗಿಡ್ಡ ಇಲ್ಲರಿ, ನಮ್ಮ ಅಜ್ಜ ಆರಡಿ ಆಳು, ಬಗ್ಗದ ಒಳಗ ಹೋಗ್ತಿದ್ದ." ಚಿತ್ರದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಊರು ಸುತ್ತುವುದರಲ್ಲಿ ನನಗೆ ಹಿಡಿಸಿದ್ದು ಇದು. ಕಲೆ ಗಿಲೆ ಆಮೇಲಿನ ಮಾತು. ಹಾಳೆ ಕೈಯಲ್ಲಿದ್ದರೆ ನೋಡಲು ಪರವಾನಗಿ ಸಿಗುತ್ತದೆ.

ಹೀಗೆ ಜಾಗದಲ್ಲೇ ಕೂತು ಕಂಡದ್ದನ್ನು ಬರೆಯುವವರ ಬಳಗ ಈಗ ಜಗತ್ತಿನ ತುಂಬ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ‘ಅರ್ಬನ್ ಸ್ಕೆಚರ್ಸ್’ ಶುರು ಮಾಡಿದರು. ಬೆಂಗಳೂರಿನಲ್ಲೂ ವಾರದ ಕೊನೆಗೆ ಪುಸ್ತಕ, ಬಣ್ಣ ಹಿಡಿದು ಗುಂಪಾಗಿ ಹೊರಡುವವರಿದ್ದಾರೆ. ಫೋಟೊ ನೋಡಿ ಬರೆಯಬಾರದು, ಎದುರಿಗಿದ್ದದ್ದಕ್ಕೆ ಪ್ರಾಮಾಣಿಕವಾಗಿರಬೇಕು ಎಂಬುದು ಈ ಬಳಗದವರ ಕಟ್ಟಳೆ. ಕೇಳಲಿಕ್ಕೆ ಸುಲಭ, ಗದಗಿನ ಪೇಟೆಯಲ್ಲಿ ಕೂತರೆ ಗೊತ್ತಾಗುತ್ತದೆ. ಹಳೆಯ ಕಮಾನಿನ ಮೇಲೆ ಕರೆಂಟಿನ ತಂತಿ, ಅದರ ಮೇಲೆ ಕೇಬಲ್ಲು, ಎಲ್ಲವನ್ನೂ ಮುಚ್ಚಿ ಹುಟ್ಟುಹಬ್ಬದ ಶುಭಾಶಯ ಕೋರುವ ಫ್ಲೆಕ್ಸು. ಕೈ ತಾನಾಗಿಯೇ ಅವನ್ನೆಲ್ಲ ಬಿಟ್ಟು ಕಮಾನನ್ನಷ್ಟೇ ಬರೆಯಲು ಹೊರಡುತ್ತದೆ. ಹಾಗೆ ಬಿಟ್ಟು ಬರೆದರೆ ಅದು ಕ್ಯಾಲೆಂಡರ್ ಚಿತ್ರ. ಫ್ಲೆಕ್ಸನ್ನೂ ಸೇರಿಸಿ ಬರೆದರೆ ಇಂಥ ಇಸವಿ, ಇಂಥ ತಿಂಗಳಿನ ಗದಗು. ಆ ಫ್ಲೆಕ್ಸು ಹದಿನೈದು ದಿನಕ್ಕೆ ಇಳಿಯುತ್ತದೆ, ಅದರೊಳಗಿನ ಮುಖಗಳು ಮುಂದಿನ ಚುನಾವಣೆಗೆ ಬದಲಾಗುತ್ತವೆ. ಹಳೆಯ ಚಿತ್ರಕ್ಕೆ ತಾರೀಖು ಹಾಕುವುದನ್ನು ಮರೆತಿದ್ದರೂ ಅದು ಯಾವ ಕಾಲದ್ದೆಂದು ಫ್ಲೆಕ್ಸೇ ಹೇಳುತ್ತದೆ.

ಗದಗಿಗೆ ಇದು ಹೊಸದಾಗಿ ಬಂದ ಶೋಕಿಯಲ್ಲ. ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ ಇರುವ ಊರು ಇದು. ಅತ್ತ ಧಾರವಾಡದಲ್ಲಿ ಹಾಲಭಾವಿಯವರ ಶಾಲೆ, ಹುಬ್ಬಳ್ಳಿಯಲ್ಲಿ ಮಿಣಜಗಿಯವರ ಶಾಲೆ. ಈ ಭಾಗದ ಎಷ್ಟೋ ಡ್ರಾಯಿಂಗ್ ಮಾಸ್ತರರು ಇಂಥ ಶಾಲೆಗಳಲ್ಲಿ ಪಳಗಿ ಹೊರಬಿದ್ದವರು. ಕಲಾಶಾಲೆಯ ಹುಡುಗರಿಗೆ ದಿನಕ್ಕಿಷ್ಟು ಸ್ಕೆಚ್ ಎಂಬ ಲೆಕ್ಕ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಗಂಟಿನ ಮೇಲೆ ತಲೆಯಿಟ್ಟು ಮಲಗಿದವರು, ರೈಲ್ವೆ ಸ್ಟೇಶನ್ನಿನ ಬೆಂಚು, ಸಂತೆಯ ಮೆಣಸಿನಕಾಯಿ ರಾಶಿಯ ಹಿಂದೆ ಕೂತ ಹೆಂಗಸರು, ಇವರೇ ಆ ಹುಡುಗರ ಮಾಡೆಲ್ಲುಗಳು. "ಲ್ಯಾಂಡ್‌ಸ್ಕೇಪ್ ಮಾಡಾಕ ಹೋಗೂಣ" ಎಂದು ಸೈಕಲ್ ಹತ್ತಿ ಹೊರಟವರಿಗೆ ಯಾವ ಕಟ್ಟಳೆಯೂ ಬೇಕಿರಲಿಲ್ಲ, ಕಾರ್ಟ್ರಿಜ್ ಹಾಳೆ ಸಾಲಿದರೆ ಸಾಕಿತ್ತು.

ಗದಗಿಗೆ ಬಂದವರು ನೇರ ತ್ರಿಕೂಟೇಶ್ವರನ ಗುಡಿಗೆ ಹೋಗಿ ಸರಸ್ವತಿ ಮಂಟಪದ ಕಂಬಗಳ ಮುಂದೆ ಪುಸ್ತಕ ಬಿಚ್ಚುತ್ತಾರೆ. ಬೇಡ ಎನ್ನುತ್ತೇನೆ. ಆ ಕಂಬಗಳ ಕೆತ್ತನೆ ಎಷ್ಟು ಸಣ್ಣದೆಂದರೆ ಮೊದಲ ದಿನವೇ ಅದಕ್ಕೆ ಕೈ ಹಾಕಿದವರು ಪೆನ್ಸಿಲ್ ಕೆಳಗಿಟ್ಟು ಮೊಬೈಲ್ ಎತ್ತಿಕೊಳ್ಳುತ್ತಾರೆ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದನೆಂದು ಜನ ತೋರಿಸುವ ಕಂಬವೇ ಒಳ್ಳೆಯದು. ಅಲ್ಲಿ ಕಂಬಕ್ಕಿಂತ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕೈಗಳನ್ನು ಬರೆಯಬಹುದು.

ಅದಕ್ಕಿಂತ ಮೊದಲು ಬೆಟಗೇರಿಗೆ ಹೋಗಬೇಕು. ಬೆಟಗೇರಿ ನೇಕಾರರ ಊರು. ಕೈಮಗ್ಗಗಳು ಕಡಿಮೆಯಾಗುತ್ತ ಬಂದಿವೆ, ಆದರೂ ಓಣಿಯಲ್ಲಿ ನಡೆದರೆ ಮಗ್ಗದ ಸದ್ದು ಎಲ್ಲಿಂದಲೋ ಬರುತ್ತದೆ. ಕುಣಿಮಗ್ಗವನ್ನು ಚಿತ್ರಿಸುವುದು ಹಟದ ಕೆಲಸ. ಹಾಸಿನ ನೂಲುಗಳನ್ನು ಒಂದೊಂದಾಗಿ ಬರೆಯಲು ಹೋದವರು ಅಲ್ಲೇ ಕಳೆದುಹೋಗುತ್ತಾರೆ. ನೂಲನ್ನು ಬಿಟ್ಟು ಕುಣಿಯೊಳಗಿನ ಕಾಲು ನೋಡಿದರೆ ದಾರಿ ಸಿಗುತ್ತದೆ. ಒಂದು ಪಾದ ತುಳಿಯುತ್ತದೆ, ಹಾಸು ಎರಡಾಗಿ ಬಾಯಿ ತೆರೆಯುತ್ತದೆ, ಲಾಳಿ ಹಾಯುತ್ತದೆ, ಎಡಗೈ ಹಲಗೆಯನ್ನು ಎಳೆದು ಬಡಿಯುತ್ತದೆ, ಇನ್ನೊಂದು ಪಾದ ತುಳಿಯುತ್ತದೆ. ಸೊಂಟದಿಂದ ಮೇಲೆ ನೆಲದ ಮೇಲೆ ಕೂತಂತೆ ಕಾಣುವ ಮನುಷ್ಯ ಸೊಂಟದಿಂದ ಕೆಳಗೆ ಇಡೀ ದಿನ ನಡೆಯುತ್ತಲೇ ಇರುತ್ತಾನೆ. ಮಗ್ಗದ ಮೇಲಿನ ಸೀರೆಯ ಅಂಚನ್ನಷ್ಟೇ ನೋಡಿಕೊಂಡು ಬಂದಿದ್ದ ನನಗೆ ಇದು ತಿಳಿದದ್ದು ಕಾಲು ಬರೆಯಲು ಕುಣಿಯೊಳಗೆ ಇಣುಕಿದಾಗ.

ಲಕ್ಷ್ಮೇಶ್ವರ ಗದಗಿನಿಂದ ಸುಮಾರು 40 ಕಿ.ಮೀ. ದೂರ. ಇದೇ ಹಿಂದಿನ ಪುಲಿಗೆರೆ, ಕನ್ನಡದ ತಿರುಳು ಇದ್ದ ಸೀಮೆಯೆಂದು ಹೆಸರಾದ ಊರು, ಪಂಪನ ಹೆಸರಿನ ಜತೆ ಬೆಸೆದುಕೊಂಡದ್ದು. ಆಮೇಲೆ ಎಷ್ಟೋ ಕಾಲ ಮಿರಜ ಸಂಸ್ಥಾನದ ಕೈಯಲ್ಲಿತ್ತು. ಇಲ್ಲಿ ಕಾಲ್ನಡಿಗೆಯಲ್ಲೇ ಮೂರು ಬಗೆಯ ನೆತ್ತಿಗಳು ಸಿಗುತ್ತವೆ: ಸೋಮೇಶ್ವರನ ಶಿಖರ, ಶಂಖ ಬಸದಿ, ಆದಿಲ್‌ಶಾಹಿ ಕಾಲದಲ್ಲಿ, 1617ರಲ್ಲಿ, ಅಂಕುಶ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿಯ ಗುಮ್ಮಟ. ಮೂರನ್ನೂ ಒಂದೇ ಪುಟದಲ್ಲಿ ಒತ್ತೊತ್ತಾಗಿ ಬರೆದು ಭಾವೈಕ್ಯದ ಪೋಸ್ಟರ್ ಮಾಡುವ ಚಪಲ ಎಲ್ಲರಿಗೂ ಬರುತ್ತದೆ. ಅದಕ್ಕಿಂತ ಮಸೀದಿಯ ಚಜ್ಜಾ ಹೊತ್ತ ಕಲ್ಲಿನ ಚಾಚುಗಳನ್ನು ಹತ್ತಿರದಿಂದ ಬರೆಯುವುದು ಲೇಸು. ಬರೆಯುತ್ತ ಹೋದಂತೆ ಕೈಗೆ ಒಂದು ಪರಿಚಯದ ಬಾಗು ಸಿಗುತ್ತದೆ, ಬೆಳಿಗ್ಗೆ ಗುಡಿಯಲ್ಲಿ ಬರೆದ ಬಾಗುಗಳ ನೆಂಟ. ಉಳಿ ಹಿಡಿದವರು ಕಲಿತ ಪಾಠ ಒಡೆಯರು ಬದಲಾದರೂ ಅಷ್ಟು ಬೇಗ ಬದಲಾಗುವುದಿಲ್ಲ. ಇದು ನನ್ನ ಊಹೆ, ಇತಿಹಾಸದವರು ಒಪ್ಪಬೇಕೆಂದೇನಿಲ್ಲ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಜಾಗ. ಅಲ್ಲಿ ಕಟ್ಟಡಕ್ಕಿಂತ ನೆರಳಿನಲ್ಲಿ ಕೂತವರ ತಲೆಗಳು ಚಂದ. ಪಟಗಾ, ಟೊಪ್ಪಿಗೆ, ಸೆರಗು, ಬೋಳುತಲೆ. ಅಲ್ಲಿಂದ ಹತ್ತಿರವೇ ಮಾಗಡಿ ಕೆರೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾದ ಕೆರೆ, 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಹೊಲಗಳಲ್ಲಿ ಮೇಯ್ದ ಹಿಂಡು ಹಿಂಡು ಹಕ್ಕಿಗಳು ಬಿಸಿಲೇರುವ ಹೊತ್ತಿಗೆ ನೀರಿಗೆ ಇಳಿಯುತ್ತವೆ. ಶೇಂಗಾ, ಕಡಲೆ ಹಾಕಿದ ರೈತರು ಅವನ್ನು ನೆಂಟರೆಂದು ಕರೆಯುತ್ತಾರೋ ಬೇರೇನೆಂದು ಕರೆಯುತ್ತಾರೋ ಅದು ಆ ವರ್ಷದ ಪೀಕಿನ ಮೇಲೆ. ಬಿಳಿ ತಲೆಯ ಹಿಂಬದಿಗೆ ಎರಡು ಕರಿ ಗೆರೆ, ಇಷ್ಟು ಸರಳ ಗುರುತಿನ ಹಕ್ಕಿ. ಆದರೆ ಕುತ್ತಿಗೆ ಬರೆಯುವಷ್ಟರಲ್ಲಿ ಅದು ತಿರುಗಿರುತ್ತದೆ. ಪುಟದ ತುಂಬ ಒಡಲಿಲ್ಲದ ಕುತ್ತಿಗೆಗಳು, ಕಾಲಿಲ್ಲದ ಒಡಲುಗಳು ಉಳಿಯುತ್ತವೆ. ಇರಲಿ, ಆ ಮುರುಕು ಗೆರೆಗಳಲ್ಲಿ ಹಕ್ಕಿಯ ಚಡಪಡಿಕೆಯಾದರೂ ಬಂದಿರುತ್ತದೆ.

ಮುಂಡರಗಿಯ ಕಡೆ ಹೊರಟರೆ ಬಣ್ಣದ ಪೆಟ್ಟಿಗೆಯಲ್ಲಿ ಮೊದಲು ಖಾಲಿಯಾಗುವುದು ಕೆಂಪು ಮಣ್ಣಿನ ಬಣ್ಣ. ಕಪ್ಪತಗುಡ್ಡದ ಸಾಲು ಕಬ್ಬಿಣದ ಅಂಶದಿಂದ ಕೆಂಪಾದ ಗುಡ್ಡಗಳು. 2019ರಲ್ಲಿ ವನ್ಯಜೀವಿ ಧಾಮವಾಯಿತು. ಮಳೆಗಾಲದಲ್ಲಿ ಅದರ ಮೇಲೆ ಹಸಿರು ಹರಡುತ್ತದೆ, ಬೇಸಿಗೆಗೆ ಮತ್ತೆ ಕೆಂಪು. ಗಾಳಿಗಿರಣಿಗಳ ಬಿಳಿ ರೆಕ್ಕೆಗಳನ್ನು ಬರೆಯಬೇಕೋ ಬಿಡಬೇಕೋ ಎಂಬ ಜಗಳ ಜತೆಗಾರರೊಡನೆ ಯಾವಾಗಲೂ ಇದ್ದದ್ದೇ. ನಾನು ಬರೆಯುವ ಪಕ್ಷ.

ಈ ದಾರಿಯಲ್ಲೇ, ಗದಗಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ ಡಂಬಳ. ಮುಂಡರಗಿ ತಾಲೂಕಿನ ಈ ಊರಲ್ಲಿ ಒಂದು ಕಾಲಕ್ಕೆ ಬೌದ್ಧರ ತಾರಾದೇವಿಯ ಗುಡಿಯಿತ್ತು, 1095ರ ಶಾಸನ ಅದನ್ನು ಹೇಳುತ್ತದೆ. ಈಗ ಜನ ನೋಡಲು ಬರುವುದು ದೊಡ್ಡಬಸಪ್ಪನ ಗುಡಿಗೆ. 12ನೇ ಶತಮಾನದ್ದು. ಎದುರಿಗೆ ದೊಡ್ಡ ಬಸವಣ್ಣ, ಒಳಗೆ ಲಿಂಗ. ಹೊರಗಿನಿಂದ ಗರ್ಭಗುಡಿಯನ್ನು ನೋಡಿದರೆ ದುಂಡಗಿದೆಯೇನೋ ಅನಿಸುತ್ತದೆ. ಫೋಟೊದಲ್ಲಂತೂ ಮಡಿಕೆ ಮಡಿಕೆಯಾದ ದುಂಡು ಗೋಪುರವೇ. ಧಾರವಾಡ ಸೀಮೆಯ ಗುಡಿಗಳ ಫೋಟೊಗಳ ದೊಡ್ಡ ಪುಸ್ತಕವೊಂದು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಬರಹಗಳೊಂದಿಗೆ, 1866ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಹಾಗಿದ್ದೂ ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ತಮ್ಮ ಪುಸ್ತಕ ಹೊರತಂದಾಗ ಗುಡಿಗಳನ್ನು ಅಳತೆ ಮಾಡಿ ಗೆರೆಯಲ್ಲಿ ಬರೆದ ನಕ್ಷೆಗಳೂ ಬೇಕಾದವು. ಕ್ಯಾಮೆರಾ ಬಂದು ಇಷ್ಟು ಕಾಲ ಆದಮೇಲೂ ಗೆರೆ ಯಾಕೆ ಬೇಕಾಯಿತೆಂಬುದು ಡಂಬಳದಲ್ಲಿ ಪೆನ್ಸಿಲ್ ಹಿಡಿದು ಕೂತವರಿಗೆ ಬೇಗ ಗೊತ್ತಾಗುತ್ತದೆ.

ಹಿಂಬದಿಗೆ ಕೂತು ತಳದಿಂದ ಶುರು ಮಾಡಿದೆ. ಒಂದು ಮೂಲೆ, ಪಕ್ಕಕ್ಕೆ ಇನ್ನೊಂದು ಮೂಲೆ, ಮತ್ತೊಂದು. ಅವು ಅಲೆಗಳಲ್ಲ, ಮಡಿಕೆಗಳೂ ಅಲ್ಲ, ಒಂದೊಂದೂ ನೆಟ್ಟಗೆ ಮಡಚಿದ ಚೌಕದ ತುದಿ. ಒಂದೇ ನಡುವಿನ ಸುತ್ತ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಗಳಿಂದ 24 ಮೊನೆ. ಗುಡಿಯ ತಳ 24 ಮೊನೆಗಳ ನಕ್ಷತ್ರ, ಮಂಟಪ ಸೇರುವ ಕಡೆ ಕೆಲವು ಒಳಗೆ ಅಡಗಿವೆ. ಅದೇ ಮೊನೆಗಳು ಗೋಡೆಯಾಗಿ ಎದ್ದು, ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಮೇಲಿನವರೆಗೂ ಹೋಗುತ್ತವೆ. ಒಂದು ಮೊನೆಯ ಗೆರೆ ಹಿಡಿದು ಮೇಲಕ್ಕೆ ಹೊರಟರೆ ನಡುವೆ ಎಲ್ಲೂ ಬಿಡುವಂತಿಲ್ಲ. ಬಿಟ್ಟರೆ ಪಕ್ಕದ ಮೊನೆಯ ಶಿಖರಕ್ಕೆ ಸೇರಿಕೊಂಡು ಇಡೀ ಗೋಪುರ ಓರೆಯಾಗುತ್ತದೆ. ಬಳಪದ ಕಲ್ಲು ಮೃದು, ಸಣ್ಣ ಕೆತ್ತನೆಗೆ ಬಾಗುತ್ತದೆ, ಸರಿ. ಆದರೆ ಈ ಲೆಕ್ಕ ಕಲ್ಲಿನ ಗುಣದಿಂದ ಬಂದದ್ದಲ್ಲ, ಯಾರೋ ಮೊದಲು ನೆಲದ ಮೇಲೆ ಗೆರೆ ಎಳೆದಿರಬೇಕು.

ಆ ಗೆರೆ ಹೇಗೆ ಎಳೆದಿರಬಹುದೆಂದು ನನಗೆ ಹೇಳಿದ್ದು ಒಬ್ಬ ಗೌಂಡಿ. ಕೆಲಸ ಮುಗಿಸಿ ಹೊರಟಿದ್ದವನು ಸೈಕಲ್ ನಿಲ್ಲಿಸಿ ಬೆನ್ನ ಹಿಂದೆ ಬಂದ. ದಿನಾ ಇದೇ ದಾರಿಯಂತೆ. ಸ್ವಲ್ಪ ಹೊತ್ತು ಹಾಳೆ ನೋಡಿದ, ಸ್ವಲ್ಪ ಹೊತ್ತು ಗುಡಿ ನೋಡಿದ. ಆಮೇಲೆ ಒಂದು ಕಡ್ಡಿ ತೆಗೆದುಕೊಂಡು ನೆಲದ ಮಣ್ಣಿನಲ್ಲಿ ಗೂಟ ಊರಿದಂತೆ ಚುಚ್ಚಿ, "ನಡುವ ಒಂದ ಗೂಟ, ಒಂದ ಹಗ್ಗ, ಕೈಯಾಗ ಕಾಟಕೋನ. ಮತ್ತೇನ್ ಬೇಕ್ರಿ?" ಎಂದು ವರ್ತುಲ ಎಳೆದ. ಕಾಟಕೋನವೆಂದರೆ ಲಂಬಕೋನ, ಅದನ್ನು ನೋಡುವ ಮಟ್ಟವೂ ಹೌದು. ಅದರ ಅಂಚಿನಲ್ಲಿ ಮೂಲೆಗಳನ್ನು ಇಟ್ಟುಕೊಂಡು ಬಂದ. ಅರ್ಧ ಸುತ್ತು ಬಂದಮೇಲೆ ನಿಲ್ಲಿಸಿ ನನ್ನ ಪುಸ್ತಕದತ್ತ ಬೆರಳು ಮಾಡಿದ. "ನಿಮ್ಮದು ಮೂರನೇ ಮೂಲಿ ಕಾಟಕೋನ ಇಲ್ಲ ನೋಡ್ರಿ, ಹಿಂಗ ಕಟ್ಟಿದ್ರ ಮಾಲಕರು ಪಗಾರ ಕೊಡಂಗಿಲ್ಲ."

ರಬ್ಬರ್ ತೆಗೆದು ಮೂರನೆಯ ಮೂಲೆಯನ್ನು ಅಳಿಸಿದೆ. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಗುಡಿಯ ಸುತ್ತ ಮೊನೆಗಳನ್ನು ಎಣಿಸಲು ಹೊರಟ.