ಪಕ್ಕದವರ ಸದ್ದು

ಮೃದಂಗ ಹಿಡಿದು ಮೂವತ್ತು ವರ್ಷವಾಯಿತು. ತನಿಯಾವರ್ತನ ಮುಗಿದು ಸಭೆ ಚಪ್ಪಾಳೆ ತಟ್ಟಿದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ನುಡಿಸುವಾಗ ‘ನಾನು’ ಎಂಬುದು ಎಲ್ಲಿರಬೇಕು? ಅಹಂ ಅಳಿಯಬೇಕು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅದು ಪೂರ್ತಿ ಅಳಿದರೆ ವಾದ್ಯದ ಮೇಲೆ ಬೀಳುವ ಬೆರಳು ಯಾರದು? ಈ ಗೊಂದಲದಲ್ಲಿದ್ದ ನನಗೆ ದಾರಿ ತೋರಿಸಿದ್ದು ಇಂಗ್ಲೆಂಡಿನ ಜಾಝ್ ಡ್ರಮ್ಮರ್ ಜಾನ್ ಸ್ಟೀವನ್ಸ್.

ಆತ ಹುಟ್ಟಿದ್ದು 1940ರಲ್ಲಿ, ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್‌ನಲ್ಲಿ. ಬ್ರಿಟಿಷ್ ವಾಯುಪಡೆಯ ಸಂಗೀತ ವಿಭಾಗದಲ್ಲಿದ್ದಾಗ ಸ್ಯಾಕ್ಸೊಫೋನಿನ ಟ್ರೆವರ್ ವಾಟ್ಸ್, ಟ್ರಾಂಬೋನಿನ ಪಾಲ್ ರುದರ್‌ಫರ್ಡ್ ಜೊತೆಯಾದರು. ಮೂವರೂ ಸೇರಿ ‘ಸ್ಪಾಂಟೇನಿಯಸ್ ಮ್ಯೂಸಿಕ್ ಎನ್‌ಸೆಂಬಲ್’ ಕಟ್ಟಿದರು. 1966ರ ಜನವರಿಯಿಂದ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನ್ ಬಳಿಯ ಲಿಟ್ಲ್ ಥಿಯೇಟರ್ ಕ್ಲಬ್ಬಿನಲ್ಲಿ, ಆ ದಿನದ ನಾಟಕ ಮುಗಿದ ಮೇಲೆ, ಬೆರಳೆಣಿಕೆಯ ಕೇಳುಗರ ಮುಂದೆ ನುಡಿಸುತ್ತಿದ್ದರು.

ಜಾಝ್ ಮೇಳದಲ್ಲಿ ಡ್ರಮ್ಮರ್ ಎಂದರೆ ಹಿಂದೆ ಕೂತು ಎಲ್ಲರನ್ನೂ ಮುಂದಕ್ಕೆ ದೂಡುವವನು. ಆದರೆ ಸ್ಟೀವನ್ಸ್ ತನ್ನ ಈ ಮೇಳಕ್ಕಾಗಿ ದೊಡ್ಡ ಡ್ರಮ್ಮುಗಳನ್ನು ಬಿಟ್ಟು ಪುಟ್ಟ ಡ್ರಮ್ಮು, ಪುಟ್ಟ ತಾಳಗಳನ್ನು ಇಟ್ಟುಕೊಂಡ. ಪಕ್ಕದವರು ನುಡಿಸುತ್ತಿರುವುದು ನಿನಗೆ ಕೇಳಿಸದಿದ್ದರೆ ನಿನ್ನ ಸದ್ದೇ ಜಾಸ್ತಿಯಾಯಿತು ಎಂಬುದು ಆತನ ನಿಯಮ. ನನಗಿದು ಧರ್ಮಸೂತ್ರದಂತೆ ಕೇಳಿಸುತ್ತದೆ.

ಸಂಗೀತ ಬಲ್ಲವರು, ಬಾರದವರು ಎಲ್ಲರಿಗೂ ಆತ ಕಲಿಸಿದ. 1985ರಲ್ಲಿ, ಹಾಗೆ ಕಲಿಸಿದ ಅಭ್ಯಾಸಗಳು ‘ಸರ್ಚ್ ಅಂಡ್ ರಿಫ್ಲೆಕ್ಟ್’ ಎಂಬ ಪುಸ್ತಕವಾದವು. ಅದರಲ್ಲಿ ‘ಕ್ಲಿಕ್ ಪೀಸ್’ ಎಂಬುದೊಂದಿದೆ: ಪ್ರತಿಯೊಬ್ಬರೂ ತಮ್ಮಿಂದ ಆಗುವಷ್ಟು ಚಿಕ್ಕ, ಹುಟ್ಟಿದೊಡನೆ ಮುಗಿಯುವ ಸದ್ದನ್ನು ಮಾಡುತ್ತಾ ಹೋಗಬೇಕು.

ಒಂದು ಸಂಜೆ ನನ್ನ ಐವರು ಶಿಷ್ಯರಿಂದ ಇದನ್ನು ಮಾಡಿಸಿದೆ. ಮೊದಮೊದಲು ಮೀಟು, ಚಾಪು ಎಂಬ ಗುಂಗಿನ ಏಟುಗಳೇ ಝಣಗುಟ್ಟಿದವು. ಚಿಕ್ಕದು, ಇನ್ನೂ ಚಿಕ್ಕದು ಎಂದೆ. ಹುಡುಗಿಯೊಬ್ಬಳು ಮೃದಂಗದ ಕಪ್ಪು ಕರಣೆಯ ಮೇಲೆ ಬೆರಳನ್ನು ಒತ್ತಿಹಿಡಿದು ‘ತ’ ಎನಿಸಿದಳು. ಗುಂಗು ಹುಟ್ಟುವ ಮೊದಲೇ ನಾದ ಸತ್ತುಹೋಯಿತು. ಉಳಿದವರೂ ಹಾಗೇ ಮಾಡಿದರು. ಐದಾರು ನಿಮಿಷ ಕಳೆಯುವಷ್ಟರಲ್ಲಿ ಆ ಚುಕ್ಕಿಗಳ ನಡುವೆ ಒಂದು ನಡೆ ಎದ್ದು ನಿಂತಿತು. ಅದನ್ನು ಯಾರೂ ಹಾಕಿರಲಿಲ್ಲ. ಯಾರೊಬ್ಬರು ಕೈ ನಿಲ್ಲಿಸಿದರೂ ಅದು ಉಳಿಯುತ್ತಿರಲಿಲ್ಲ.

ನನ್ನ ಪ್ರಶ್ನೆ ತಪ್ಪಾಗಿತ್ತೆಂದು ಆಗ ಹೊಳೆಯಿತು. ‘ನಾನು’ ಅಳಿಯಬೇಕಿಲ್ಲ. ಇನ್ನೊಬ್ಬರಿಗೆ ಜಾಗವಾಗುವಷ್ಟು ಚಿಕ್ಕದಾದರೆ ಸಾಕು. ಆ ಹುಡುಗಿಯ ‘ತ’ ಅವಳದೇ ಆಗಿತ್ತು, ಆದರೆ ಅದು ಯಾರನ್ನೂ ಮುಚ್ಚಲಿಲ್ಲ. ವೇದಾಂತವು ಶ್ರವಣವನ್ನು, ಅಂದರೆ ಕೇಳುವುದನ್ನು, ಮೊದಲ ಮೆಟ್ಟಿಲು ಎನ್ನುತ್ತದೆ. ಅದನ್ನು ಹತ್ತಿ ಮುಂದೆ ಹೋದರಾಯಿತು ಎಂದುಕೊಂಡಿದ್ದೆ. ಈಗ ನನಗೆ ಪ್ರತಿ ಏಟಿನಲ್ಲೂ ಮತ್ತೆ ಅಲ್ಲಿಂದಲೇ ಶುರುಮಾಡಬೇಕು ಅನ್ನಿಸುತ್ತದೆ.

ಚಿಕ್ಕದಾಗುವುದೆಂದರೆ ಸದಾ ಮೆಲ್ಲಗಿರುವುದಲ್ಲ. ಎಪ್ಪತ್ತರ ದಶಕದಲ್ಲಿ ಸ್ಟೀವನ್ಸ್ ‘ಅವೇ’ ಎಂಬ ಜಾಝ್-ರಾಕ್ ತಂಡ ಕಟ್ಟಿ ಅಬ್ಬರಿಸಿದ್ದೂ ಉಂಟು. ಜೊತೆಯವರೂ ಅಷ್ಟೇ ಎತ್ತರದಲ್ಲಿ ನುಡಿಸುವಾಗ ಅಬ್ಬರವೂ ಅಳತೆಯೊಳಗೇ ಇರುತ್ತದೆ.

1994ರಲ್ಲಿ, ಐವತ್ನಾಲ್ಕನೇ ವಯಸ್ಸಿನಲ್ಲಿ ಆತ ತೀರಿಕೊಂಡ. ನಾನು ಮತ್ತೆ ಮತ್ತೆ ಕೇಳುವುದು ಆತನ 1968ರ ‘ಕಾರ್ಯೋಬಿನ್’ ಆಲ್ಬಮ್ಮನ್ನು. ಐವರ ಮೇಳ, ಮುಖ್ಯ ಗಾಯಕನೂ ಇಲ್ಲ, ಪಕ್ಕವಾದ್ಯವೂ ಇಲ್ಲ. ‘ಕಾರ್ಯೋಬಿನ್’ ಎಂಬುದು ಬೌದ್ಧರ ಸ್ವರ್ಗವಾದ ಸುಖಾವತಿಯಲ್ಲಿ ಹಾಡುವ ಹಕ್ಕಿಗೆ ಜಪಾನಿನಲ್ಲಿರುವ ಹೆಸರು. ಅದರ ಸಂಸ್ಕೃತ ಮೂಲ ಕಲವಿಂಕ. ಅಮರಕೋಶ ತೆರೆದು ನೋಡಿದೆ: ಕಲವಿಂಕವೆಂದರೆ ಗುಬ್ಬಚ್ಚಿ.

ಸ್ವರ್ಗದಲ್ಲಿ ಹಾಡುವುದೂ ಚಿಕ್ಕ ಗುಬ್ಬಚ್ಚಿಯೇ. ಮುಂದಿನ ಕಚೇರಿಯಲ್ಲಿ ಕೈ ಎತ್ತುವ ಮೊದಲು ಪಿಟೀಲಿನವರ ಕಮಾನು ಎಲ್ಲಿದೆಯೆಂದು ಕೇಳಿಸಿಕೊಳ್ಳುತ್ತೇನೆ.