ಸೋರುವ ನೀರು, ಸುಮ್ಮನಾದ ಮುಳ್ಳು



ಹನ್ನೆರಡನೆಯ ಶತಮಾನದ ಶಿವಶರಣರು ಪರತತ್ತ್ವವನ್ನು ಬೋಧಿಸುವಾಗ ದೃಷ್ಟಾಂತಕ್ಕಾಗಿ ದೂರ ಹೋದವರಲ್ಲ. ಅಂಬಿಗರ ಚೌಡಯ್ಯನಿಗೆ ದೋಣಿಯೂ, ನುಲಿಯ ಚಂದಯ್ಯನಿಗೆ ಹಗ್ಗವೂ, ವೈದ್ಯ ಸಂಗಣ್ಣನಿಗೆ ರೋಗ ಮತ್ತು ಔಷಧಗಳೂ ಕೈಯಲ್ಲಿದ್ದ ಶಾಸ್ತ್ರಗಳೇ ಆಗಿದ್ದವು. ಇಂದು ಅನುಭವ ಮಂಟಪವು ನೆರೆಯುವುದಾದರೆ ಮೋಟಾರು ರಿಪೇರಿಯ ಕಾಯಕದವನೊಬ್ಬನು ಅಲ್ಲಿ ಕುಳಿತು ತನ್ನ ಎಂಜಿನ್ನಿನ ಮಾತನ್ನೇ ಹೇಳುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಆ ಮಾತನ್ನು ಈ ತಿಂಗಳು ನಾವು ಚಿಂತಿಸೋಣ.

ಅಂಬಾಸಿಡರ್ ಕಾರನ್ನು ಅರಿಯದ ಭಕ್ತರು ವಿರಳ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ, ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಬಂಗಾಳದ ಉತ್ತರಪಾರಾದಲ್ಲಿ 1957ರ ಸುಮಾರಿನಿಂದ ಇದನ್ನು ತಯಾರಿಸಿದರು. 2014ರಲ್ಲಿ ಆ ತಯಾರಿಕೆ ನಿಂತುಹೋಯಿತು. ಆದರೂ ತಂದೆಯ ಕಾಲದ ಕಾರನ್ನು ಮಾರದೆ ಸಲಹಿಕೊಂಡು ಬಂದಿರುವ ಮನೆಗಳು ಇಂದಿಗೂ ಉಂಟು. 1489 ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಬಹುಕಾಲ ಅದರ ಹೃದಯವಾಗಿತ್ತು. ಆ ಹೃದಯಕ್ಕೆ ಬರುವ ಮುಖ್ಯ ವ್ಯಾಧಿ ಯಾವುದೆಂದರೆ, ನೀರು ಸೋರಿ ಕಾವೇರುವುದು.

ಎಂಜಿನ್ನಿಗೆ ನೀರೇಕೆ? ಸಿಲಿಂಡರಿನೊಳಗೆ ಉರಿಯುವ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಜ್ವಾಲೆಯನ್ನು ಒಡಲಲ್ಲಿಟ್ಟುಕೊಂಡಿರುವ ಎರಕದ ಕಬ್ಬಿಣವಾದರೋ ಸುಮಾರು 1200 ಡಿಗ್ರಿಯಲ್ಲಿ ಕರಗತಕ್ಕದ್ದು. ಹೀಗಿದ್ದೂ ಕಬ್ಬಿಣವು ಕರಗದೆ ಉಳಿದಿರುವುದು ಅದರ ಸುತ್ತಲೂ ಹರಿಯುವ ನೀರಿನ ಕೃಪೆಯಿಂದ. ಪೆಟ್ರೋಲು ಉರಿದು ಹುಟ್ಟಿದ ಶಾಖದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲು ಮಾತ್ರ ಗಾಲಿಯನ್ನು ತಿರುಗಿಸುತ್ತದೆ. ಮೂರರಲ್ಲೊಂದು ಪಾಲಿನಷ್ಟನ್ನು ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಮಿಕ್ಕುದರಲ್ಲಿ ಬಹುಭಾಗ ಹೊಗೆಯೊಡನೆ ಹೋಗುತ್ತದೆ. ಸಂಸಾರಿಯ ಒಡಲಲ್ಲಿಯೂ ಕಾಮಕ್ರೋಧಗಳ ಕಿಚ್ಚು ಇದೆ. ಕಿಚ್ಚಿಲ್ಲದೆ ಸಂಸಾರದ ಬಂಡಿ ನಡೆಯದು. ಕಿಚ್ಚನ್ನು ಕಾಯುವ ತಂಪಿಲ್ಲದಿದ್ದರೆ ಬಂಡಿಯೇ ಉಳಿಯದು. ಆ ತಂಪನ್ನೇ ನಮ್ಮ ಹಿರಿಯರು ಪ್ರಸಾದಭಾವವೆಂದು ಕರೆದರು.

ನೀರು ಕಡಿಮೆಯಾದರೆ ದಿನವೂ ಬೆಳಿಗ್ಗೆ ಒಂದು ತಂಬಿಗೆ ಸುರಿದು ಹೊರಡುವವರು ಅನೇಕರು. ನಿನ್ನೆಯ ನೀರು ಎಲ್ಲಿಗೆ ಹೋಯಿತೆಂದು ಅವರು ಕೇಳರು. ಬಲ್ಲ ಮೇಸ್ತ್ರಿಯು ಮಾತ್ರ ಅದನ್ನೇ ಮೊದಲು ಕೇಳುತ್ತಾನೆ. ಕಾವೇರಿದ ಮಾತ್ರಕ್ಕೆ ನೀರು ಸೋರುತ್ತಿದೆಯೆಂದೂ ಅವನು ನಿರ್ಣಯಿಸನು. ಫ್ಯಾನಿನ ಬೆಲ್ಟು ಸಡಿಲವಾಗಿರಬಹುದು. ರೇಡಿಯೇಟರಿನ ಸಂದಿಗಳಲ್ಲಿ ಧೂಳು ಹುಳಗಳು ತುಂಬಿರಬಹುದು. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿರಬಹುದು. ಥರ್ಮೊಸ್ಟಾಟ್ ತೆರೆಯದೆ ಸಿಕ್ಕಿಕೊಂಡಿರಬಹುದು. ಕಿಡಿ ಹಾರುವ ಸಮಯ ತಪ್ಪಿರಬಹುದು. ಇವನ್ನೆಲ್ಲ ನೋಡಿ, ನೀರು ನಿಜವಾಗಿಯೂ ಕಡಿಮೆಯಾಗುತ್ತಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಅವನು ಸೋರಿಕೆಯನ್ನು ಅರಸುವನು. ಸ್ಥೂಲ, ಸೂಕ್ಷ್ಮ, ಕಾರಣವೆಂದು ನಾವು ತನುತ್ರಯವನ್ನು ಹೇಳುವಂತೆ ಈ ಸೋರಿಕೆಯೂ ಮೂರು ಬಗೆ.

ಮೊದಲನೆಯದು ಸ್ಥೂಲ ಸೋರಿಕೆ. ಬಿರಿದ ಹೋಸ್ ಪೈಪು, ಸಡಿಲಗೊಂಡ ಕ್ಲಿಪ್ಪು, ತೂತು ಬಿದ್ದ ರೇಡಿಯೇಟರು, ಒಳಗಿನಿಂದ ತುಕ್ಕು ತಿಂದ ಬ್ಲಾಕಿನ ಪಕ್ಕದ ತಗಡುಬಿಲ್ಲೆ, ಸವೆದ ವಾಟರ್ ಪಂಪು. ರಾತ್ರಿ ಕಾರಿನ ಕೆಳಗೆ ಒಂದು ರಟ್ಟನ್ನು ಹಾಸಿಟ್ಟರೆ ಬೆಳಿಗ್ಗೆ ತೊಟ್ಟಿಕ್ಕಿದ ಸ್ಥಳ ಕಾಣುತ್ತದೆ. ಸುಳ್ಳು, ಕುಡಿತ, ಜೂಜು, ಕಟುನುಡಿ ಇವು ನಮ್ಮ ಸ್ಥೂಲ ಸೋರಿಕೆಗಳು. ನೆರೆಯವರೂ ಇವನ್ನು ಕಾಣುತ್ತಾರೆ. ನಾಚಿಕೆಯ ಸಂಗತಿ ನಿಜ. ಆದರೆ ಕಂಡದ್ದನ್ನು ತಿದ್ದುವುದು ಸುಲಭ.

ಎರಡನೆಯದು ಸೂಕ್ಷ್ಮ ಸೋರಿಕೆ. ಇದು ನಿಂತ ಕಾರಿನಲ್ಲಿ ಕಾಣದು, ಒತ್ತಡ ಬಂದಾಗಲೇ ಕಾಣುವುದು. ರೇಡಿಯೇಟರಿನ ಮುಚ್ಚಳದಲ್ಲಿರುವ ಸ್ಪ್ರಿಂಗು ನೀರನ್ನು ಒತ್ತಡದಲ್ಲಿ ಇರಿಸುತ್ತದೆ. ಚದರ ಅಂಗುಲಕ್ಕೆ 1 ಪೌಂಡು ಒತ್ತಡ ಹೆಚ್ಚಿದರೆ ನೀರು ಕುದಿಯುವ ಉಷ್ಣತೆಯು ಸುಮಾರು 1.5 ಡಿಗ್ರಿ ಮೇಲೇರುತ್ತದೆ. ಆ ಸ್ಪ್ರಿಂಗು ಸೋತರೆ, ಅಥವಾ ಮುಚ್ಚಳದ ರಬ್ಬರು ಒಣಗಿದರೆ, ನೀರು ಬೇಗ ಕುದಿದು ಹೊರಚೆಲ್ಲುತ್ತದೆ. ಎಂಜಿನ್ನು ತಣ್ಣಗಿರುವಾಗ ಕೈಪಂಪನ್ನು ರೇಡಿಯೇಟರಿನ ಬಾಯಿಗೆ ಕೂಡಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡವನ್ನು ಕೊಟ್ಟು ಕಾಯಬೇಕು. ಒತ್ತಡ ಇಳಿಯುತ್ತಾ ಬಂದರೆ ಎಲ್ಲಿಯೋ ದಾರಿಯುಂಟೆಂದು ತಿಳಿಯಬೇಕು. ಹಬ್ಬದ ದಿನ ಶಾಂತನಾಗಿರುವವನ ಶಾಂತಿ ಪರೀಕ್ಷೆಯಲ್ಲ. ಬೆಳೆ ಕೆಟ್ಟ ವರ್ಷ, ಮಗಳ ಲಗ್ನದ ಸಾಲ, ಅಣ್ಣತಮ್ಮಂದಿರ ಹೊಲದ ಪಾಲು, ಇವು ಕೊಡುವ ಒತ್ತಡದಲ್ಲಿ ಮನಸ್ಸು ಹಿಡಿದು ನಿಂತಿತೋ ಇಲ್ಲವೋ ಎಂಬುದೇ ಪರೀಕ್ಷೆ.

ಮೂರನೆಯದು ಕಾರಣ ಸೋರಿಕೆ. ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆಯಿದೆ. ಬೆಂಕಿಯನ್ನೂ ನೀರನ್ನೂ ಎಣ್ಣೆಯನ್ನೂ ಬೇರೆ ಬೇರೆಯಾಗಿ ಕಾಯುವುದು ಅದೊಂದೇ. ಅದು ಸುಟ್ಟರೆ ನೆಲದ ಮೇಲೆ ಒಂದು ಹನಿಯೂ ಬೀಳದೆ ನೀರು ಮಾಯವಾಗುತ್ತದೆ. ಎಂಜಿನ್ನು ಬಿಸಿಯೇರಿದ ಮೇಲೆಯೂ ನಿಲ್ಲದ ಬಿಳಿಯ ಹೊಗೆ, ಎಣ್ಣೆ ನೋಡುವ ಕಡ್ಡಿಯಲ್ಲಿ ಹಾಲುಬೆರೆತ ಚಹದಂಥ ಬಣ್ಣ, ರೇಡಿಯೇಟರಿನಲ್ಲಿ ಬಿಡದೆ ಏಳುವ ಗುಳ್ಳೆ, ನಾಲ್ಕರಲ್ಲಿ ಒಂದು ಸ್ಪಾರ್ಕ್ ಪ್ಲಗ್ ಮಾತ್ರ ತೊಳೆದಂತೆ ಇರುವುದು, ಇವು ಅದರ ಲಕ್ಷಣಗಳು. ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಿಳಿಯ ಹೊಗೆ ಬಂದು ನಿಲ್ಲುವುದು ದೋಷವಲ್ಲ. ಆದುದರಿಂದ ಒಂದೇ ಲಕ್ಷಣದಿಂದ ನಿರ್ಣಯಿಸದೆ ಎರಡು ಮೂರನ್ನು ಕೂಡಿಸಿ ನೋಡುವುದು ವಿವೇಕ. ಹೊರಗೆ ಭಸ್ಮ ರುದ್ರಾಕ್ಷಿಗಳು ಸ್ವಸ್ಥವಾಗಿದ್ದು, ಒಳಗೆ ಭಕ್ತಿಯು ಅಹಂಕಾರದೊಡನೆ ಬೆರೆತುಹೋದವನ ಸ್ಥಿತಿ ಇದುವೇ. ಅವನ ಅಂಗಳದಲ್ಲಿ ಹನಿಯಿಲ್ಲ, ಒಡಲಲ್ಲಿ ನೀರೂ ಇಲ್ಲ.

ದಾರಿಯಲ್ಲಿ ಕಾರು ನಿಂತಾಗ ರೇಡಿಯೇಟರಿಗೆ ಅರಿಶಿನಪುಡಿಯನ್ನು ಹಾಕಿ ಸಣ್ಣ ತೂತನ್ನು ಮುಚ್ಚುವ ಚಾಲಕರುಂಟು. ಊರು ಮುಟ್ಟಲು ಅದು ಆಪದ್ಧರ್ಮ. ಅದನ್ನೇ ನಿತ್ಯಧರ್ಮವಾಗಿ ಮಾಡಿಕೊಂಡರೆ ಆ ಪುಡಿಯು ತೂತನ್ನಷ್ಟೇ ಅಲ್ಲದೆ ನೀರು ಹರಿಯುವ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಮನೆಯ ಕಲಹವನ್ನು ವಿಚಾರಿಸದೆ, ದೋಷ ಕಳೆಯಲೆಂದು ಒಂದರ ಮೇಲೊಂದು ಪೂಜೆ ಮಾಡಿಸುವವರು ಈ ಮಾತನ್ನು ನೆನೆಯಬೇಕು. ಪವಿತ್ರವಾದ ಅರಿಶಿನವೂ ಅಸ್ಥಾನದಲ್ಲಿ ಬಿದ್ದರೆ ತಡೆಯಾಗುತ್ತದೆ.

ಇನ್ನು ಎಲ್ಲಕ್ಕಿಂತ ಭಯಂಕರವಾದ ಸಂಗತಿಯೊಂದುಂಟು. ಚಾಲಕನ ಮುಂದಿರುವ ಉಷ್ಣಮಾಪಕದ ಮುಳ್ಳು ಎಂಜಿನ್ನಿನ ಕಾವನ್ನು ನೀರಿನ ಮೂಲಕ ಅರಿಯುತ್ತದೆ. ನೀರು ಬತ್ತಿ, ಅದರ ತುದಿಯು ಬರಿಯ ಗಾಳಿಯಲ್ಲಿ ನಿಂತಿತೆಂದರೆ, ಮೇಲೇರಿದ್ದ ಮುಳ್ಳು ಕೆಳಗಿಳಿದುಬಿಡಬಹುದು. ಅರಿಯದ ಚಾಲಕನು ಕಾವು ಇಳಿಯಿತೆಂದು ಸಂತೋಷದಿಂದ ವೇಗವನ್ನು ಹೆಚ್ಚಿಸುತ್ತಾನೆ. ಸ್ವಲ್ಪ ದೂರದಲ್ಲಿಯೇ ಹೆಡ್ಡು ಸೊಟ್ಟಗಾಗುತ್ತದೆ, ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಒಂದು ಹೋಸ್ ಪೈಪಿನ ಬೆಲೆಯಲ್ಲಿ ಮುಗಿಯಬಹುದಾಗಿದ್ದುದಕ್ಕೆ ಇಡೀ ಎಂಜಿನ್ನನ್ನೇ ತೆರಬೇಕಾಗುತ್ತದೆ.

ಗೃಹಸ್ಥ ಭಕ್ತರೇ, ಈ ಸುಮ್ಮನಾದ ಮುಳ್ಳನ್ನು ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ. ನಿನ್ನೆಯವರೆಗೆ ನಿಮ್ಮ ಕುಡಿತಕ್ಕೆ ಅತ್ತು ಕರೆದ ಹೆಂಡತಿ ಇಂದು ಏನನ್ನೂ ಹೇಳುತ್ತಿಲ್ಲ. ಎದುರು ಮಾತಾಡುತ್ತಿದ್ದ ಮಗ ಈಗ ಊಟ ಮಾಡಿ ಮೌನವಾಗಿ ಏಳುತ್ತಾನೆ. ಮೂಲೆಯ ಕೋಣೆಯ ಮುದುಕಿ ತಾಯಿ ಬಿಸಿನೀರು ಬೇಕೆಂದು ಕೇಳುವುದನ್ನೂ ಬಿಟ್ಟಿದ್ದಾಳೆ. ಇದನ್ನು ಕಂಡು ಮನೆಯಲ್ಲಿ ಶಾಂತಿ ನೆಲೆಸಿತೆಂದು ತಿಳಿಯುವವನು ನೀರು ಬತ್ತಿದ ಎಂಜಿನ್ನಿನ ಚಾಲಕನೇ ಸರಿ. ಅವರು ದೂರುತ್ತಿದ್ದಷ್ಟು ದಿನ ಪ್ರೀತಿಯ ನೀರು ಇನ್ನೂ ಉಳಿದಿತ್ತು. ನಿಮ್ಮೊಳಗೂ ಅಷ್ಟೆ. ತಪ್ಪು ಮಾಡಿದಾಗ ಚುಚ್ಚುತ್ತಿದ್ದ ಮನಸ್ಸಾಕ್ಷಿಯು ಈಗ ಚುಚ್ಚದಿದ್ದರೆ, ಅದು ಸ್ಥಿತಪ್ರಜ್ಞತೆಯಲ್ಲ. ಅರಿಯುವ ತುದಿಯೇ ಒಣಗಿಹೋಗಿದೆ.

ಪರಿಹಾರವೇನು? ಮೊದಲು ಗಾಡಿಯನ್ನು ನಿಲ್ಲಿಸಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲಾಗದು. ಒತ್ತಡದಲ್ಲಿರುವ ನೀರು ಹಬೆಯಾಗಿ ಚಿಮ್ಮಿ ಮುಖವನ್ನು ಸುಡುತ್ತದೆ. ಕಾದ ಕಬ್ಬಿಣಕ್ಕೆ ತಣ್ಣೀರನ್ನೂ ಸುರಿಯಲಾಗದು, ಅದು ಸೀಳೀತು. ತಣಿಯುವವರೆಗೆ ಕಾಯಬೇಕು. ಹಾಗೆಯೇ ಸಿಟ್ಟಿನ ವೇಳೆಯಲ್ಲಿ ವಿಚಾರಣೆ ಬೇಡ, ಉಪದೇಶವೂ ಬೇಡ. ಆಮೇಲೆ ಸೋರಿದ ಸ್ಥಳವನ್ನು ಕಂಡು, ಕೆಟ್ಟ ಭಾಗವನ್ನು ಬದಲಿಸಬೇಕು. ಗ್ಯಾಸ್ಕೆಟ್ ಹೋಗಿದ್ದರೆ ಹೆಡ್ಡನ್ನು ಬಿಚ್ಚಿ, ಅದರ ಸಮತಲವನ್ನು ಪಟ್ಟಿಯಿಟ್ಟು ನೋಡಿ, ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿಯಬೇಕು. ಬಿಗಿಯುವಾಗ ನಡುವಿನ ನಟ್ಟಿನಿಂದ ಹೊರಟು ಅಂಚಿನ ಕಡೆಗೆ ಹೋಗಬೇಕು. ಅದೂ ಒಂದೇ ಸಲಕ್ಕಲ್ಲ, ಎರಡು ಮೂರು ಸುತ್ತುಗಳಲ್ಲಿ. ಮನೆಯನ್ನು ತಿದ್ದುವ ಕ್ರಮವೂ ಇದೇ. ನಡುವೆ ಇರುವವನು ಯಜಮಾನ. ತನ್ನಿಂದ ಆರಂಭಿಸದೆ ಮಕ್ಕಳನ್ನೂ ಸೊಸೆಯಂದಿರನ್ನೂ ಬಿಗಿದರೆ ಹೆಡ್ಡು ಸೊಟ್ಟಗಾದೀತು, ಸೋರುವುದು ನಿಲ್ಲದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈಗ ನೀರಿನೊಡನೆ ಬೆರೆಸುವ ಬಣ್ಣದ ಕೂಲೆಂಟ್ ದ್ರವದಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು, ಕರು ನೆಕ್ಕಿಯಾವು, ಮಕ್ಕಳು ಮುಟ್ಟಿಯಾರು. ಕೂಡಲೇ ಒರೆಸಿ ತೊಳೆಯಿರಿ, ಮಿಕ್ಕುದನ್ನು ಮುಚ್ಚಿಡಿ. ಸಕಲ ಜೀವಿಗಳಲ್ಲಿ ದಯೆಯೆಂಬ ಧರ್ಮವು ಕಾರಿನ ಕೊಟ್ಟಿಗೆಯಲ್ಲಿಯೂ ಸಲ್ಲತಕ್ಕದ್ದು.

ಸದ್ಗುರುವು ದೀಕ್ಷೆಯ ಮೂಲಕ ಸ್ಥೂಲತನುವಿಗೆ ಇಷ್ಟಲಿಂಗವನ್ನೂ, ಸೂಕ್ಷ್ಮತನುವಿಗೆ ಪ್ರಾಣಲಿಂಗವನ್ನೂ, ಕಾರಣತನುವಿಗೆ ಭಾವಲಿಂಗವನ್ನೂ ಸಂಬಂಧಗೊಳಿಸಿರುವನು. ಮೂರು ಸೋರಿಕೆಗೂ ಮೂರು ಕಾವಲು ಹೀಗೆ ಅಂದೇ ದೊರೆತಿದೆ. ಕರಸ್ಥಲದಲ್ಲಿ ಲಿಂಗವನ್ನಿರಿಸಿ ದಿಟ್ಟಿಸುವ ಹೊತ್ತು ನೀರೆರೆದು ಏಳುವ ಹೊತ್ತು ಮಾತ್ರವಲ್ಲ; ನಿನ್ನೆಯ ನೀರು ಎಲ್ಲಿ ಹೋಯಿತೆಂದು ಕೇಳಿಕೊಳ್ಳುವ ಹೊತ್ತೂ ಅದೇ. ನಾಳೆಯ ಪೂಜೆಯಲ್ಲಿ ಆ ಪ್ರಶ್ನೆಯನ್ನು ಕೇಳಿಕೊಂಡು, ಮನೆಯಲ್ಲಿ ಮೌನವಾಗಿರುವವರ ಬಳಿ ಹೋಗಿ ಕುಳಿತು, ಅವರು ಮತ್ತೆ ದೂರುವಂತೆ ಮಾಡಿರಿ. ಆ ದೂರಿನಿಂದಲೇ ಮನೆಯ ಆರೋಗ್ಯವು ಮೊದಲಾಗುವುದು.