ನಾಳೆಯನ್ನು ಕಂಡವರ ಬಿಲ್ಲೆ

ಅಂಗಿಗೆ ಚುಚ್ಚಿಕೊಳ್ಳುವ ಒಂದು ಪುಟ್ಟ ಬಿಲ್ಲೆ ಸುಳ್ಳು ಹೇಳಬಲ್ಲುದೇ? ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೂ ಕೆಲಹೊತ್ತು ಅದರೊಡನೆ ನಿಲ್ಲೋಣ.

1939ರ ಏಪ್ರಿಲ್ 30ರಂದು ನ್ಯೂಯಾರ್ಕ್ ನಗರದಲ್ಲಿ ವಿಶ್ವಮೇಳವೊಂದು ಆರಂಭವಾಯಿತು. 'ನಾಳೆಯ ಜಗತ್ತು' ಎಂಬುದು ಅದರ ಧ್ಯೇಯವಾಕ್ಯ. ಅಲ್ಲಿನ ಜನರಲ್ ಮೋಟಾರ್ಸ್ ಕಂಪನಿಯ ಮಂಟಪದಲ್ಲಿ ನಾರ್ಮನ್ ಬೆಲ್ ಗೆಡೆಸ್ ಎಂಬ ವಿನ್ಯಾಸಕಾರರು 1960ರ ಅಮೆರಿಕವನ್ನು ಕಲ್ಪಿಸಿ 'ಫ್ಯೂಚುರಾಮಾ' ಎಂಬ ಬೃಹತ್ ಮಾದರಿಯನ್ನು ರಚಿಸಿದ್ದರು. ಸುಮಾರು 5 ಲಕ್ಷ ಪುಟ್ಟ ಕಟ್ಟಡಗಳು, 50 ಸಾವಿರ ಪುಟ್ಟ ವಾಹನಗಳು, ಬೆಟ್ಟ ಬಯಲುಗಳನ್ನು ಸೀಳಿ ಹರಿಯುವ ಹೆದ್ದಾರಿಗಳು. ಪ್ರೇಕ್ಷಕರು ಚಲಿಸುವ ಕುರ್ಚಿಗಳಲ್ಲಿ ಕುಳಿತು, ವಿಮಾನದಿಂದ ನೋಡುವಂತೆ, ಇದೆಲ್ಲವನ್ನೂ ಮೇಲಿನಿಂದ ನೋಡುತ್ತಾ ಸಾಗುತ್ತಿದ್ದರು. ಹೊರಬರುವಾಗ ಅವರ ಕೈಗೊಂದು ಬಿಲ್ಲೆ. ಅದರ ಮೇಲೆ, 'ನಾನು ಭವಿಷ್ಯವನ್ನು ಕಂಡಿದ್ದೇನೆ.'

ಕಾಣಬಯಸುತ್ತೇನೆ ಎಂದಲ್ಲ, ಕಂಡಿದ್ದೇನೆ ಎಂದು. ಇದು ಸಾಕ್ಷಿಯ ಮಾತು. ಮಧ್ಯಯುಗದ ಯಾತ್ರಿಕರೂ ಇಂಥ ಗುರುತುಗಳನ್ನು ಧರಿಸುತ್ತಿದ್ದರು. ಸ್ಪೇನಿನ ಸಾಂತಿಯಾಗೊದಲ್ಲಿ ಸಂತ ಯಾಕೋಬರ ಸಮಾಧಿಯನ್ನು ದರ್ಶಿಸಿದವರು ಚಿಪ್ಪನ್ನು, ಇಂಗ್ಲೆಂಡಿನ ಕ್ಯಾಂಟರ್ಬರಿಗೆ ಹೋದವರು ಸಂತ ಥಾಮಸ್ ಬೆಕೆಟರ ಚಿತ್ರವುಳ್ಳ ಸೀಸ-ತವರದ ಬಿಲ್ಲೆಯನ್ನು. ಹೋಗದೆಯೇ ಧರಿಸಿದವರೂ ಇದ್ದಿರಬಹುದು, ಮನುಷ್ಯ ಮನುಷ್ಯನೇ. ಆದರೆ ಆ ಗುರುತು ನಡೆದು ಬಂದ ಹಾದಿಯೊಂದಕ್ಕೆ ಸಾಕ್ಷಿಯಾಗಿತ್ತು. ಇನ್ನೂ ಬಾರದ 1960ಕ್ಕೆ ಸಾಕ್ಷಿ ಹೇಳುವುದು ಹೇಗೆ?

ಇಂದು ಆ ಹಳೆಯ ಭವಿಷ್ಯಕ್ಕೆ ಹೊಸ ಬೇಡಿಕೆ ಬಂದಿದೆ. ರೆಕ್ಕೆ ಮೂಡಿದ ರಾಕೆಟ್ಟು, ಗಾಜಿನ ಗುಮ್ಮಟದ ನಗರ, ಹಾರುವ ಕಾರು, ತಗಡಿನ ಯಂತ್ರಮಾನವ: ನಮ್ಮ ಹಿರಿಯರು ಕಂಡ ನಾಳೆಯ ಚಿತ್ರಗಳನ್ನು ವಿನ್ಯಾಸಕಾರರು ಪಿನ್ನುಗಳ ಸರಣಿಯಾಗಿ ಮೂಡಿಸುತ್ತಾರೆ, ಸಂಗ್ರಾಹಕರು ಜೋಡಿಸಿಡುತ್ತಾರೆ. ಕೆಲಸ ಸೂಕ್ಷ್ಮವಾದುದು. ಅಂಗುಲದಷ್ಟೇ ಅಗಲದ ಲೋಹದ ಮೇಲೆ ಅಚ್ಚು ಒತ್ತಿದಾಗ ಗೆರೆಗಳು ಉಬ್ಬಿ ನಿಲ್ಲುತ್ತವೆ. ಅವುಗಳ ನಡುವಿನ ತಗ್ಗುಗಳಲ್ಲಿ ಎನಾಮೆಲ್ ಬಣ್ಣ ತುಂಬಬೇಕು. ಗೆರೆ ತೀರ ತೆಳುವಾದರೆ ನಿಲ್ಲದು, ತಗ್ಗು ತೀರ ಕಿರಿದಾದರೆ ಬಣ್ಣ ಹಿಡಿಯದು. ಆದ್ದರಿಂದ ಏನನ್ನು ಬಿಡಬೇಕೆಂದು ನಿರ್ಧರಿಸುವುದೇ ಇಲ್ಲಿ ಮುಖ್ಯ ವಿದ್ಯೆ. ನನಗಂತೂ ಇದು ಕೈಕುಶಲದ ಪ್ರಶ್ನೆಯಷ್ಟೇ ಆಗಿ ಕಾಣುವುದಿಲ್ಲ.

ಬೆಲ್ ಗೆಡೆಸರೂ ಬಿಟ್ಟಿದ್ದರು. ಅವರ ಮೊದಲ ವರ್ಷದ ಮಾದರಿಯಲ್ಲಿ ದೇವಾಲಯಗಳಿರಲಿಲ್ಲ. ನೋಡಿದವರು ಆಕ್ಷೇಪಿಸಿದ್ದರಿಂದ 1940ರಲ್ಲಿ ಅವನ್ನು ಸೇರಿಸಲಾಯಿತು. ನಮ್ಮಂಥವರಿಗೆ ಇದು ಸಮಾಧಾನದ ಸಂಗತಿಯೆನಿಸೀತು. ಆದರೆ ಗೋಪುರಗಳನ್ನು ಅಂಟಿಸಿದ ಮಾತ್ರಕ್ಕೆ, ಆ ಹೆದ್ದಾರಿ ಯಾರ ಮನೆಯ ಮೇಲೆ ಹಾಯ್ದಿದೆ ಎಂಬುದಕ್ಕೆ ಉತ್ತರ ದೊರೆಯಲಿಲ್ಲ. ಅಷ್ಟು ಎತ್ತರದ ಕುರ್ಚಿಯಿಂದ ಮನೆ ಕಾಣುತ್ತದೆ, ಮನೆಯವರು ಕಾಣುವುದಿಲ್ಲ. 1956ರ ಹೆದ್ದಾರಿ ಕಾಯಿದೆಯ ನಂತರ ರಸ್ತೆಗಳು ನಿಜವಾಗಿಯೂ ಬಂದವು. ಸೇಂಟ್ ಪಾಲ್ ನಗರದಲ್ಲಿ ಕಪ್ಪುಜನರ ನೆಲೆಯಾಗಿದ್ದ ರಾಂಡೊ ಬಡಾವಣೆಯ ನೂರಾರು ಮನೆಗಳು ಅಂಥ ಒಂದು ರಸ್ತೆಗಾಗಿ ನೆಲಸಮವಾದವು.

ಹಾಗೆಂದು ಬಿಲ್ಲೆ ಧರಿಸಿದವರನ್ನು ನೋಡಿ ನಗುವುದು ನ್ಯಾಯವಲ್ಲ. ಹತ್ತು ವರ್ಷಗಳ ಆರ್ಥಿಕ ಕುಸಿತವನ್ನು ಕಂಡು ಬಂದ ಜನ ಅವರು. ಒಳ್ಳೆಯ ದಿನವೊಂದನ್ನು ನಂಬುವ ಹಕ್ಕು ಅವರಿಗಿತ್ತು. ಅದೇ ವರ್ಷ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆರಗಿದಾಗ, ಮೇಳದಲ್ಲಿ ಪೋಲೆಂಡಿನ ಮಂಟಪ ಇನ್ನೂ ತೆರೆದೇ ಇತ್ತು. ಮೇಳದ ಲಾಂಛನವಾಗಿದ್ದ ಮಹಾಸ್ತಂಭ ಮತ್ತು ಗೋಳದ ಉಕ್ಕು ಕಡೆಗೆ ಯುದ್ಧಸಾಮಗ್ರಿಗೆ ಸಂದಿತು.

ಆದ್ದರಿಂದ ಇಂಥ ಸರಣಿಯನ್ನು ರಚಿಸುವವರನ್ನು ನಾನು ಕೇಳಿಕೊಳ್ಳುವುದಿಷ್ಟೇ: ರಾಕೆಟ್ಟು, ಗುಮ್ಮಟಗಳನ್ನು ಬಿಡಿಸಿರಿ, ಅವು ಸುಂದರವಾಗಿಯೇ ಇವೆ. ಐದು ಪಿನ್ನುಗಳಿದ್ದರೆ ಆರನೆಯದೊಂದನ್ನು ಸೇರಿಸಿರಿ. ಯಾರು ಕೊಳ್ಳುತ್ತಾರೆಂದು ವ್ಯಾಪಾರಿ ಕೇಳಿಯಾನು, ಕೇಳಲಿ. ಮೇಲೆ ಬಾಗಿ ಹೋಗುವ ಬಿಳಿಯ ಹೆದ್ದಾರಿ, ಅದರಡಿಯಲ್ಲಿ ಒಂದು ಮನೆ, ಕಿಟಕಿಯಲ್ಲಿ ಹಳದಿ ಬೆಳಕು. ಮೂರು ಬಣ್ಣ ಸಾಕು.